ಚಂದ್ರು ಕತ್ತರಿಸಿದ ತಂತಿ

ಚಂದ್ರುವಿನ ಮೇಲೆ ದೇವರಾಜು ಮೊದಲ ದಿನದಿಂದಲೇ ಒಂದು ಕಣ್ಣಿಟ್ಟಿದ್ದ. ಪಾಲಿಬೆಟ್ಟದ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿಯೇ ತಲೆ ನರೆತವನು ದೇವರಾಜು. ಕಳ್ಳರನ್ನು ವಾಸನೆಯಲ್ಲೇ ಹಿಡಿಯುತ್ತೇನೆಂಬ ಜಂಬ ಬೇರೆ. ಆನೆ ಬಂದರೆ ಕೂಲಿಯವರ ಲೈನುಮನೆಗಳಲ್ಲಿ ಸೈರನ್ ಕೂಗಿಸುವ ವೈರ್‌ಲೆಸ್ ಪೆಟ್ಟಿಗೆಯನ್ನು ಕುಶಾಲನಗರದ ಮೆಕ್ಯಾನಿಕ್ ಚಂದ್ರು ಮರಕ್ಕೆ ಕೂರಿಸಿದಾಗ, ಅದರ ಆಂಟೆನಾ ತಂತಿಯ ತುದಿಯನ್ನು ಚೂರುಚೂರೇ ಕತ್ತರಿಸಿ ಜೇಬಿಗಿಳಿಸಿದ್ದನ್ನು ಅವನು ಕಣ್ಣಾರೆ ಕಂಡಿದ್ದ. ಹೊಸ ತಂತಿಯನ್ನು ಯಾವ ಪ್ರಾಮಾಣಿಕ ಕತ್ತರಿಸುತ್ತಾನೆ?

ನಿನ್ನೆ ಒಂಟಿಸಲಗ ತೋಟಕ್ಕೆ ನುಗ್ಗಿದರೂ ಸೈರನ್ ತುಟಿಪಿಟಕ್ಕೆನ್ನಲಿಲ್ಲ. ಕಳೆ ಕೀಳುತ್ತಿದ್ದ ಲಿಂಗಮ್ಮ ಓಡಿ, ಚರಂಡಿಗೆ ಬಿದ್ದು, ಕಾಲು ಮುರಿದುಕೊಂಡಳು.

"ಅವ್ನೇ ಸಾರ್ ಸಾಮಾನು ಕದ್ದಿರೋದು. ಪೊಲೀಸಿಗೆ ಕೊಡಿ," ಎಂದು ದೇವರಾಜು ಮಾಲೀಕ ನಾಣಯ್ಯನವರ ಕಿವಿಯೂದಿದ.

"ಮೊದಲು ಅವನೇ ಬಂದು ಪೆಟ್ಟಿಗೆ ನೋಡಲಿ. ಆಮೇಲೆ ಸ್ಟೇಷನ್ನಿಗೆ ಫೋನ್ ಮಾಡುವ," ಎಂದರು ನಾಣಯ್ಯ.

ಚಂದ್ರು ಬಂದಾಗ ದೇವರಾಜು ಅವನ ಬೆನ್ನು ಬಿಡಲಿಲ್ಲ. ಕದ್ದದ್ದನ್ನು ಗುಟ್ಟಾಗಿ ಮತ್ತೆ ಸೇರಿಸಿಬಿಟ್ಟರೆ?

"ಅವತ್ತು ತಂತಿ ಯಾಕಯ್ಯಾ ಕತ್ತರಿಸಿದ್ದು?"

"ಮ್ಯಾಚಿಂಗಿಗೆ ಅಣ್ಣ. ತಂತಿ ಅಳತೆಗೆ ಕೂತ್ರೇನೇ ಪೆಟ್ಟಿಗೆ ಕೊಟ್ಟ ಪವರ್ ಗಾಳೀಲಿ ಸೈರನ್‌ವರೆಗೂ ಹೋಗೋದು. ಇಲ್ಲಾಂದ್ರೆ ವಾಪಸ್ ಪೆಟ್ಟಿಗೆಗೇ ಬರುತ್ತೆ. ಮೀಟರ್ ನೋಡ್ಕೊಂಡು ಚೂರುಚೂರೇ ಕಟ್ ಮಾಡ್ಬೇಕು."

"ಚೂರು ಜೇಬಿಗೆ ಯಾಕೆ?"

"ಕೆಳಗೆ ಬಿದ್ರೆ ದನ ತಿಂದ್ಬಿಡ್ತಾವೆ."

ಎಲ್ಲಕ್ಕೂ ಉತ್ತರ ರೆಡಿ! ದೇವರಾಜುವಿನ ಅನುಮಾನ ಇನ್ನಷ್ಟು ಬಲಿಯಿತು.

ಚಂದ್ರು ಏಣಿ ಹತ್ತಿ ಪೆಟ್ಟಿಗೆಗೆ ಮೀಟರ್ ಸಿಕ್ಕಿಸಿ ಹುಬ್ಬು ಗಂಟಿಕ್ಕಿದ. "ಬಿಟ್ಟಿದ್ದೆಲ್ಲ ವಾಪಸ್ ಬರ್ತಿದೆಯಲ್ಲ!" ಎಂದು ಎಲೆಗಳ ಮರೆಯಲ್ಲಿ ಕೈಯಾಡಿಸಿ ಏನನ್ನೋ ಬಿಚ್ಚಿ, ಟೆಸ್ಟ್ ಬಟನ್ ಒತ್ತಿದ. ಮರುಕ್ಷಣ ದೂರದ ಲೈನಿನಿಂದ ಸೈರನ್ ಊಳಿಟ್ಟಿತು.

ಕೆಳಗಿಳಿದವನ ಕೈಯಲ್ಲಿ ಬಾಡಿದ ಚೆಂಡುಹೂವಿನ ಹಾರವಿತ್ತು. ಜೊತೆಗೆ ಕುಂಕುಮ ಮೆತ್ತಿದ, ಫಳಫಳ ಹೊಳೆಯುವ ಬೇಗಡೆ.

"ಈ ಬೇಗಡೆ ಲೋಹ ಅಣ್ಣ. ಆಂಟೆನಾಗೆ ಸುತ್ತಿದ್ರೆ ನಾನು ಮಾಡಿದ ಮ್ಯಾಚಿಂಗೆಲ್ಲ ಹಾಳು. ಯಾರು ಸುತ್ತಿದ್ದು?"

ದೇವರಾಜುವಿಗೆ ನೆನಪಾಯಿತು. ಆಯುಧಪೂಜೆಯ ದಿನ ಜೀಪು, ತಕ್ಕಡಿ, ಸ್ಪ್ರೇಯರುಗಳನ್ನೆಲ್ಲ ಸಿಂಗರಿಸಿ, ಇದೊಂದನ್ನು ಯಾಕೆ ಬಿಡಬೇಕೆಂದು ಏಣಿ ಹತ್ತಿದವನು ತಾನೇ. ಮಿಕ್ಕ ಬೇಗಡೆ ಅವನ ಬೈಕಿನ ಹ್ಯಾಂಡಲ್ಲಿನಲ್ಲಿ ಇನ್ನೂ ಮಿಂಚುತ್ತಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ಚಂದ್ರು ಠಾಣೆಗೆ ಹೋಗುತ್ತಾನೆ, ಅಷ್ಟೆ. ಹಾಗೆ ಯೋಚಿಸಿದ್ದಕ್ಕೇ ಅವನಿಗೆ ನಾಚಿಕೆಯಾಯಿತು.

ಹಾರ ಹಿಡಿದು ಇಬ್ಬರೂ ಲೈನಿಗೆ ಬಂದಾಗ ಜಗಲಿಯಲ್ಲಿ ಲಿಂಗಮ್ಮ ಪಟ್ಟಿ ಕಟ್ಟಿದ ಕಾಲು ಚಾಚಿ ಕೂತಿದ್ದಳು. ಪಕ್ಕದಲ್ಲಿ ನಿಂತಿದ್ದ ನಾಣಯ್ಯನವರು ಫೋನ್ ಕೈಗೆತ್ತಿಕೊಂಡು, "ಏನಂತೆ ದೇವರಾಜು? ಕಳ್ಳ ಸಿಕ್ಕಿದ್ನಾ?" ಎಂದರು.

"ಇವ್ನದೇನೂ ತಪ್ಪಿಲ್ಲ ಸಾರ್. ಹಬ್ಬದ ದಿನ ಆಂಟೆನಾಗೆ ಬೇಗಡೆ ಸುತ್ತಿದ್ದು ನಾನೇ. ಅದಕ್ಕೇ ಸೈರನ್ ಕೂಗ್ಲಿಲ್ಲ."

ನಾಣಯ್ಯನವರು ಫೋನನ್ನು ಜೇಬಿಗಿಳಿಸಿದರು. ಲಿಂಗಮ್ಮ ಆ ಹಾರವನ್ನೂ ಅವನ ಮುಖವನ್ನೂ ನೋಡಿದಳು.

"ಪೂಜೆ ಮಾಡಿ ಅದರ ಬಾಯೇ ಕಟ್ಟಿಬಿಟ್ರಲ್ಲ, ರೈಟ್ರೇ," ಎಂದಳು.