ಜೂನೊಗೆ ಹಚ್ಚಿದ ಅರಿಶಿನ

ಲಾರೆನ್ಸ್‌ವಿಲ್ಲಿನಲ್ಲಿ ನಮ್ಮ ಪಕ್ಕದ ಮನೆ ಮಿಸೆಸ್ ವಿಟ್‌ಲಾಕ್ ಅವರದು. ೧೯೯೬ರ ನವರಾತ್ರಿಗೆ ನಾನು ಗೊಂಬೆ ಜೋಡಿಸುತ್ತಿದ್ದಾಗ ಆ ಮುದುಕಿ ಟವೆಲಿನಲ್ಲಿ ಏನನ್ನೋ ಸುತ್ತಿಕೊಂಡು ಬಂದರು. ಬಿಚ್ಚಿದರೆ ಎರಡು ಹಳೇ ಇಂಗ್ಲಿಷ್ ಪಿಂಗಾಣಿ ಗೊಂಬೆಗಳು: ಹದ್ದಿನ ಜೊತೆ ಜೂಪಿಟರ್ ದೇವರು, ನವಿಲಿನ ಜೊತೆ ಅವನ ಹೆಂಡತಿ ಜೂನೊ.

"ನನ್ನಮ್ಮನವು, ಹನಿ. ರೋಜರ್ ಮಾರ್ತೀನಿ ಅಂತಿದಾನೆ. ನಿನ್ನ ಗೊಂಬೆಗಳ ಜೊತೆ ಇಟ್ಕೋ."

ನನಗೆ ಪಿತ್ತ ನೆತ್ತಿಗೇರಿತು. ಹೆತ್ತವಳ ತವರಿನ ವಸ್ತು ಕಿತ್ತುಕೊಳ್ಳುವವನು ಎಂಥ ಮಗ?

"ಕಾತ್ಯಾಯಿನಿ, ಅವರ ಫ್ಯಾಮಿಲಿ ಮ್ಯಾಟರ್‌ನಲ್ಲಿ ನಾವ್ಯಾಕೆ ಇನ್ವಾಲ್ವ್ ಆಗ್ಬೇಕು?" ಎಂದರು ನನ್ನ ಗಂಡ.

"ನೀವು ಸುಮ್ನಿರಿ. ಕೂರಿಸಿದ ಗೊಂಬೇನ ವಿಜಯದಶಮಿ ಮುಗಿಯೋವರೆಗೂ ಎತ್ತೋ ಹಾಗಿಲ್ಲ. ರೋಜರ್ ಅಲ್ಲ, ಅವನಪ್ಪ ಬಂದ್ರೂ ಅಷ್ಟೇ."

ಪಟ್ಟದ ಗೊಂಬೆಗಳ ಪಕ್ಕದಲ್ಲೇ ಕೂರಿಸಿದೆ. ಹದ್ದಿದ್ದವನು ನಮ್ಮ ವಿಷ್ಣು, ನವಿಲಿದ್ದವಳು ಸರಸ್ವತಿ. ಸರಸ್ವತಿ ಪೂಜೆಯ ದಿನ ಜೂನೊ ಕೆನ್ನೆಗೆ ಅರಿಶಿನ ಕಲಸಿ ಹಚ್ಚಿ, ಹಣೆಗೆ ಕುಂಕುಮವಿಟ್ಟೆ. ಹೆಣ್ಣುದೇವರನ್ನು ಬರೀ ಹಣೆಯಲ್ಲಿ ಕೂರಿಸಲು ಮನಸ್ಸು ಬರಲಿಲ್ಲ.

ಹಬ್ಬದ ನಡುವೆ ರೋಜರ್ ಬಂದ. ನಾನು ಬಾಗಿಲಿಗೆ ಅಡ್ಡ ನಿಂತು, ದೇವರು ಕೂತಿದ್ದಾರೆ, ಹಬ್ಬ ಮುಗಿದ ಮೇಲೆ ಬಾ ಎಂದೆ. ಗೊಣಗಿಕೊಂಡು ಹೋದ.

ವಿಜಯದಶಮಿಯ ಮಾರನೆಯ ದಿನ ಹಳೇ ಸಾಮಾನಿನ ವ್ಯಾಪಾರಿಯನ್ನೇ ಕರೆತಂದ. ಹಿಂದೆಯೇ ಮಿಸೆಸ್ ವಿಟ್‌ಲಾಕ್ ಕೋಲೂರಿಕೊಂಡು ಬಂದರು. ಹಬ್ಬ ಮುಗಿದ ಮೇಲೆ ಬಾ ಎಂದು ನಾನೇ ಮಾತು ಕೊಟ್ಟಾಗಿತ್ತು, ಇನ್ನು ತಡೆಯುವ ಹಾಗಿರಲಿಲ್ಲ; ಒಳಗೆ ಬಿಟ್ಟೆ.

ವ್ಯಾಪಾರಿ ಜೂನೊವನ್ನು ಕಿಟಕಿಯ ಬೆಳಕಿಗೆ ಹಿಡಿದ. ಒದ್ದೆ ಬಟ್ಟೆಯಿಂದ ಒರೆಸಿದ, ಮತ್ತೆ ಒರೆಸಿದ. ಹಳೇ ಮೆರುಗಿನಲ್ಲಿದ್ದ ಕೂದಲೆಳೆಯಂಥ ಬಿರುಕುಗಳಿಗೆ ಹಳದಿ ಇಳಿದುಹೋಗಿತ್ತು.

"ಈ ಕಲೆ ಹೋಗಲ್ಲ. ಇದು ಬೇಡ," ಎಂದ. "ಜೂಪಿಟರ್ ಒಂದನ್ನೇ ತಗೊಳ್ತೀನಿ."

ಉಳಿಸಲು ಹೋದ ನಾನೇ ಹಾಳು ಮಾಡಿದ್ದೆ. "ತಪ್ಪಾಯ್ತು, ನನಗೆ ಗೊತ್ತಾಗ್ಲಿಲ್ಲ," ಎಂದೆ.

ಮಿಸೆಸ್ ವಿಟ್‌ಲಾಕ್ ಜೂನೊಳ ಹಳದಿ ಕೆನ್ನೆಯನ್ನು ಬೆರಳಿನಿಂದ ಸವರಿ ನೋಡಿದರು. ಆಮೇಲೆ, ವ್ಯಾಪಾರಿ ಕೈ ಚಾಚುವ ಮೊದಲೇ, ಜೂಪಿಟರನ್ನು ಎತ್ತಿ ನನ್ನ ಮುಂದಿಟ್ಟರು.

"ಆ ಹಳದಿ ಬಟ್ಟಲು ತಾ, ಹನಿ. ಇವನಿಗೂ ಹಚ್ಚು."

"ಮಾಮ್," ಎಂದ ರೋಜರ್.

ನಾನು ಅವನ ಕಡೆ ನೋಡಲಿಲ್ಲ. ದೇವರ ಮುಂದಿದ್ದ ಬಟ್ಟಲು ತಂದು, ಅರಿಶಿನ ಗಟ್ಟಿಯಾಗಿ ಕಲಸಿ, ಜೂಪಿಟರನ ಎರಡೂ ಕೆನ್ನೆಗೆ ಧಾರಾಳವಾಗಿ ಹಚ್ಚಿದೆ.