ಎರಡನೆಯ ಕ್ಲಚ್ಚು

“ನಿಮ್ಮ ಗೇರ್‌ಬಾಕ್ಸು ಇನ್ನೂ ಕಚ್ತಾನೇ ಇದೆ,” ಎನ್ನುತ್ತಾ ಟೀಚರಮ್ಮ ಕಾರಿನ ಕೀಲಿಯನ್ನು ಗಂಡನ ಮುಂದಿದ್ದ ಕಬ್ಬಿಣದ ಮೇಜಿನ ಮೇಲೆ ಎಸೆದಳು. ಕೀಲಿ ಜಾರಿಕೊಂಡು ಹೋಗಿ ಸ್ಪ್ಯಾನರುಗಳ ನಡುವೆ ಬಿತ್ತು. “ಒಂದರಿಂದ ಎರಡಕ್ಕೆ ಬರುವಾಗ ಕಟಕ್ ಅನ್ನುತ್ತೆ. ರಿವರ್ಸ್ ಅಂತೂ ಕೇಳಲೇಬೇಡಿ, ಹಲ್ಲು ಕಡಿಯುತ್ತೆ.”

ಗ್ಯಾರೇಜು ಮೇಸ್ತ್ರಿಯಾದ ಗಂಡ ಕೈಗೆ ಮೆತ್ತಿದ್ದ ಗ್ರೀಸನ್ನು ಹಳೇ ಬಟ್ಟೆಗೆ ಒರೆಸಿಕೊಂಡ. ಇದು ನಾಲ್ಕನೆಯ ಸಲ. ಮೊದಲ ಸಲ ಗೇರ್ ಆಯಿಲ್ ಬದಲಾಯಿಸಿದ್ದ. ಹಳೆಯದು ಕಾಡಿಗೆಯ ಹಾಗೆ ಇಳಿದದ್ದು ನೋಡಿ, ಕಳ್ಳ ಸಿಕ್ಕಿಬಿದ್ದ ಎಂದುಕೊಂಡಿದ್ದ. ಎರಡನೆಯ ಸಲ ಗೇರಿನ ಕೋಲಿನ ಬುಡದಲ್ಲಿ ಸವೆದುಹೋಗಿದ್ದ ಬುಷ್ಷುಗಳನ್ನು ಕಿತ್ತು ಹೊಸವನ್ನು ಹಾಕಿದ. ಮೂರನೆಯ ಸಲ ಇಡೀ ಗೇರ್‌ಬಾಕ್ಸನ್ನೇ ಕೆಳಗಿಳಿಸಿ, ಬಿಚ್ಚಿ, ಗೇರನ್ನು ಸದ್ದಿಲ್ಲದೆ ಕೂರಿಸುವ ಹಿತ್ತಾಳೆ ಬಳೆಗಳನ್ನೂ ಕ್ಲಚ್ ಪ್ಲೇಟನ್ನೂ ಬದಲಾಯಿಸಿ, ಆಮೇಲೆ ಮೂರು ದಿನ ಸೊಂಟ ಹಿಡಿದುಕೊಂಡು ಓಡಾಡಿದ. ಪ್ರತಿ ಸಲವೂ ತಾನೇ ಓಡಿಸಿ ನೋಡಿದ್ದ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಗೇರು ಬೀಳುತ್ತಿತ್ತು. ಹೆಂಡತಿಯ ಕೈಗೆ ಹೋದ ಎರಡೇ ದಿನಕ್ಕೆ ಮತ್ತೆ ಅದೇ ರಾಗ.

“ಕಲಿಯೋಕೆ ಬರೋರು ಓಡಿಸುವಾಗಲೂ ಹೀಗೇನಾ?”

“ಅವರಿಗೇನು ತಿಳಿಯುತ್ತೆ? ಸ್ಟೇರಿಂಗ್ ಹಿಡಿದ ಕೂಡಲೇ ಉಸಿರು ಬಿಡೋದನ್ನೇ ಮರೀತಾರೆ. ಗೇರಿನ ಸದ್ದು ಎಲ್ಲಿ ಕೇಳಿಸ್ಬೇಕು?”

ಟೀಚರಮ್ಮ ಆ ಊರಿನಲ್ಲಿ ಹೆಂಗಸರಿಗೆ ಕಾರು ಕಲಿಸಲು ಶುರುಮಾಡಿ ಇಪ್ಪತ್ತಾರು ವರ್ಷವಾಗಿತ್ತು. ಅವಳ ಬೆನ್ನ ಹಿಂದೆ ಎಲ್ಲರೂ ಅವಳನ್ನು ಕ್ಲಚ್ ಟೀಚರ್ ಎನ್ನುತ್ತಿದ್ದರು. ಕಾರಣ, ಬೆಳಿಗ್ಗೆ ಏಳರಿಂದ ಮೈದಾನದ ಸುತ್ತ ಕೇಳಿಬರುತ್ತಿದ್ದುದು ಅವಳ ಒಂದೇ ಕೂಗು: “ಕ್ಲಚ್ ಪೂರ್ತಿ ಒತ್ತಮ್ಮ! ಅರ್ಧ ಒತ್ತಿ ಗೇರು ಹಾಕಿದ್ರೆ ಅದು ಅಳದೆ ನಗುತ್ತಾ?” ಡಾಕ್ಟರು, ದರ್ಜಿ, ಬ್ಯಾಂಕಿನ ಮ್ಯಾನೇಜರು, ಎಲ್ಲರೂ ಅವಳ ಕೈಯಲ್ಲಿ ಬೈಸಿಕೊಂಡೇ ಕಲಿತವರು. ಮನೆಗೆ ಬಂದರೆ ಬೈಸಿಕೊಳ್ಳಲು ಗಂಡನಿದ್ದ.

ಗಂಡನ ಹೆಸರೂ ಕಡಿಮೆಯದೇನಲ್ಲ. ಇಂಜಿನ್ ಓಡುತ್ತಿರುವಾಗ ಗೇರಿನ ಗುಂಡಿಯ ಮೇಲೆ ಬಲಗೈ ಅಂಗೈಯನ್ನು ಹಗುರಾಗಿ ಇಟ್ಟು, ಕಣ್ಣು ಮುಚ್ಚಿ, “ಮೂರನೇ ಗೇರಿನ ಬಳೆ ಹೋಗಿದೆ,” ಎಂದನೆಂದರೆ ಮುಗಿಯಿತು. ಬಿಚ್ಚಿ ನೋಡಿದರೆ ಅದೇ ಹೋಗಿರುತ್ತಿತ್ತು. ಆ ಕೈಗೆ ಈಗ ಏನೋ ಆಗಿದೆ ಎಂಬ ಅನುಮಾನ ಅವನ ಹೊಟ್ಟೆಯೊಳಗೆ ಹೊಕ್ಕು ಕೂತಿತ್ತು. ಇಷ್ಟು ವರ್ಷ ಹುಸಿಹೋಗದ ಅಂಗೈಗೆ ತನ್ನ ಹೆಂಡತಿಯ ಕಾರಿನ ಕಾಯಿಲೆಯೇ ತಿಳಿಯದೆಂದರೆ ಏನರ್ಥ? ವಯಸ್ಸು ಐವತ್ತೊಂಬತ್ತು. ಬೆಳಿಗ್ಗೆ ಎದ್ದಾಗ ಬೆರಳ ತುದಿ ಒಂದಿಷ್ಟು ಜುಮ್ಮೆನ್ನುತ್ತಿದ್ದದ್ದೂ ನಿಜ. ಮೊನ್ನೆ ಬೇಕರಿಯವನು ವ್ಯಾನು ತಂದು ಗೇರು ಬೀಳುತ್ತಿಲ್ಲ ಎಂದಾಗ, “ಬೇರೆ ಕಡೆ ತೋರಿಸಪ್ಪ,” ಎಂದು ವಾಪಸ್ ಕಳಿಸಿಬಿಟ್ಟಿದ್ದ. ಪಕ್ಕದ ಸ್ಪೇರ್ ಪಾರ್ಟ್ಸ್ ಅಂಗಡಿಯವನು, ಊರೆಲ್ಲ ಬೇರಿಂಗ್ ಸಾಹುಕಾರ ಎಂದು ಕರೆಯುವ ಆಸಾಮಿ, ಯಾಕೆ ಎಂದು ಕೇಳಿದ್ದಕ್ಕೆ, “ಕೈ ಸತ್ತಿದೆ ಸಾಹುಕಾರ್ರೇ. ಇನ್ನು ಪಂಕ್ಚರು, ಬ್ರೇಕು ಇಂಥದ್ದೇ ಮಾಡ್ಕೊಂಡಿರ್ತೀನಿ,” ಎಂದಿದ್ದ. ಹೆಂಡತಿಗೆ ಮಾತ್ರ ಹೇಳಿರಲಿಲ್ಲ. ಹೇಗೆ ಹೇಳುವುದು?

“ಈ ಸಲ ನಾನೂ ಜೊತೆಗೆ ಬರ್ತೀನಿ. ನೀನು ಓಡಿಸು, ನಾನು ಪಕ್ಕ ಕೂತು ನೋಡ್ತೀನಿ,” ಎಂದ.

ಟೀಚರಮ್ಮನ ಮುಖ ಗಂಟಿಕ್ಕಿತು. ಗಂಡನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಾರು ಓಡಿಸುವುದೂ ಒಂದೇ, ಅತ್ತೆಯನ್ನು ಎದುರಿಗೆ ಕೂರಿಸಿಕೊಂಡು ಅಡುಗೆ ಮಾಡುವುದೂ ಒಂದೇ ಎಂಬುದು ಅವಳು ಮದುವೆಯಾದ ಹೊಸತರಲ್ಲೇ ಕಂಡುಕೊಂಡ ಸತ್ಯ. ಅಂದಿನಿಂದ ಇಬ್ಬರೂ ಒಟ್ಟಿಗೆ ಹೊರಟರೆ ಅವನೇ ಓಡಿಸಬೇಕು, ಇಲ್ಲವೇ ಬಸ್ಸು ಹತ್ತಬೇಕು.

“ನನಗೆ ಓಡಿಸೋದು ಕಲಿಸೋಕೆ ಬರ್ತೀರಾ?”

“ಅಯ್ಯೋ, ನನಗೆಲ್ಲಿದೆಯಮ್ಮ ಆ ಯೋಗ್ಯತೆ! ಬಾಯಿ ಬಿಡಲ್ಲ. ಸುಮ್ಮನೆ ಕೈ ಇಟ್ಟು ನೋಡ್ತೀನಿ, ಅಷ್ಟೇ.”

ಅವನ ದನಿಯಲ್ಲಿ ಏನಿತ್ತೋ, ಅವಳು ಮತ್ತೆ ಜಗಳ ತೆಗೆಯಲಿಲ್ಲ. ಕೀಲಿ ಎತ್ತಿಕೊಂಡಳು.

ಮಧ್ಯಾಹ್ನದ ಹೊತ್ತು, ಬೀದಿ ಖಾಲಿಯಿತ್ತು. ಮೇಸ್ತ್ರಿ ಟೀಚರಮ್ಮನ ಸೀಟಿನಲ್ಲಿ, ಅಂದರೆ ಕಲಿಯುವವರ ಪಕ್ಕದ ಸೀಟಿನಲ್ಲಿ, ಮೊಣಕಾಲು ಮಡಚಿ ಕೂತ. ಅವನ ಕಾಲ ಬಳಿಯೂ ಒಂದು ಕ್ಲಚ್ಚು, ಒಂದು ಬ್ರೇಕು ಇದ್ದವು. ಕಲಿಸುವ ಕಾರಿಗೆಂದು ಅವನೇ ಕೈಯಾರೆ ಮಾಡಿಕೊಟ್ಟ ಜೋಡಿ ಅದು. ಅಂಗಡಿಯಲ್ಲಿ ಸಿಗುವುದರಲ್ಲಿ ಟೀಚರು ಒತ್ತಿದರೆ ಮಾತ್ರ ಎರಡೂ ಕಡೆ ಇಳಿಯುತ್ತದೆ. ಇವನು ಒಂದು ಸರಳು ಹಾಕಿ, ಯಾವ ಕಡೆ ಒತ್ತಿದರೂ ಎರಡೂ ಇಳಿಯುವ ಹಾಗೆ ಮಾಡಿದ್ದ. ಕಲಿಯುವವರ ಕಾಲು ಏನು ಮಾಡುತ್ತಿದೆ ಎಂಬುದು ಹೆಂಡತಿಯ ಕಾಲಿಗೆ ತಿಳಿಯಲಿ ಎಂದು.

ಕಾರು ಹೊರಟಿತು. ಅವನು ಗೇರಿನ ಬುಡಕ್ಕೆ ಎರಡು ಬೆರಳು ತಾಗಿಸಿ ಕಣ್ಣು ಮುಚ್ಚಿದ. ಒಂದರಿಂದ ಎರಡಕ್ಕೆ ಬರುವಾಗ ಕಟಕ್ ಎಂದು ಬೆರಳಿಗೆ ಹೊಡೆಯಿತು. ನಿಜವೇ! ಅವಳು ಸುಳ್ಳು ಹೇಳಿಲ್ಲ. ಎಲ್ಲ ಬಿಚ್ಚಿ, ಎಲ್ಲ ಹೊಸದು ಹಾಕಿದ ಮೇಲೂ ಹೀಗೆ ಹೊಡೆಯುತ್ತಿದೆ ಎಂದರೆ ತನ್ನ ಕೆಲಸದ ಕಾಲ ಮುಗಿಯಿತು ಎಂದೇ ಅರ್ಥ. ಕಣ್ಣು ತೆರೆದ. ಏನು ಮಾಡುವುದೆಂದು ತೋಚದೆ ತಲೆ ತಗ್ಗಿಸಿ ಕೂತಾಗ ಕಂಡದ್ದು ತನ್ನ ಕಾಲ ಬಳಿಯ ಕ್ಲಚ್ಚು.

ನೀರಿನ ಟ್ಯಾಂಕಿನ ಏರು ಬಂತು. ಅವಳು ಮತ್ತೆ ಗೇರು ಇಳಿಸಬೇಕು. ಅವನು ನೋಡುತ್ತಲೇ ಇದ್ದ. ಕ್ಲಚ್ಚು ಇಳಿಯಿತು, ಅರ್ಧ ದಾರಿಗೆ ಬಂದು ಸಣ್ಣಗೆ ನಡುಗಿ ನಿಂತಿತು. ಗರ್ರ್ ಎಂದು ಗೇರು ಕಿರುಚಿತು. ಅವಳು ತುಟಿ ಕಚ್ಚಿಕೊಂಡದ್ದು ಓರೆಗಣ್ಣಿಗೆ ಕಂಡಿತು.

ಆಮೇಲಿನದನ್ನು ಅವನು ಯೋಚಿಸಿ ಮಾಡಲಿಲ್ಲ. ಏರು ಮುಗಿದು ಅವಳು ಮತ್ತೆ ಗೇರಿಗೆ ಕೈ ಹಾಕಿದಾಗ, ಅರ್ಧಕ್ಕೆ ನಿಂತ ಕ್ಲಚ್ಚಿನ ಮೇಲೆ ತನ್ನ ಪಾದ ಇಟ್ಟು ಉಳಿದರ್ಧ ಒತ್ತಿದ. ಗೇರು ಸದ್ದಿಲ್ಲದೆ ಹೋಗಿ ಕೂತಿತು.

ಟೀಚರಮ್ಮ ಅವನ ಕಡೆ ತಿರುಗಲಿಲ್ಲ. ಸ್ವಲ್ಪ ಮುಂದೆ ಗೋಡೆಯ ನೆರಳಿಗೆ ಕಾರನ್ನು ತಂದು ನಿಲ್ಲಿಸಿ ಇಂಜಿನ್ ಆರಿಸಿದಳು.

“ಯಾಕೆ ಒತ್ತಿದ್ರಿ?”

“ನೀನು ಒತ್ತಲಿಲ್ಲವಲ್ಲ, ಅದಕ್ಕೆ.”

ಗೋಡೆಯಾಚೆ ಯಾರೋ ಬಟ್ಟೆ ಒಗೆಯುವ ಸದ್ದು ಬರುತ್ತಿತ್ತು. ಅವಳು ಎಡ ಮಂಡಿಯ ಮೇಲೆ ಕೈ ಇಟ್ಟುಕೊಂಡಳು.

“ಐದು ತಿಂಗಳಾಯ್ತು,” ಎಂದಳು. “ಮೊದಲ ಸಲ ಗಾಡಿ ತಂದಾಗ ಗೇರೇ ಕೆಟ್ಟಿದೆ ಅಂದ್ಕೊಂಡಿದ್ದೆ ಕಣ್ರೀ, ನಿಮ್ಮಾಣೆ. ಎರಡನೇ ಸಲ ಒಳಗೊಳಗೇ ಗೊತ್ತಾಗಿತ್ತು. ಆದ್ರೂ ತಂದೆ. ನೀವು ಏನಾದ್ರೂ ಹುಡುಕಿ, ‘ಸಿಕ್ತು ನೋಡೇ, ಇಲ್ಲಿತ್ತು’ ಅಂತ ಹೇಳಿಬಿಡ್ತೀರೇನೋ ಅಂತ. ಕಾಲಿಗೇ ಬಂತು ಅಂದ್ರೆ ನಾನು ಏನು ಮಾಡ್ಲಿ? ಈಗ ಹನ್ನೊಂದು ಜನ ಕಲಿಯೋಕೆ ಬರ್ತಿದ್ದಾರೆ. ಇದು ಬಿಟ್ರೆ ನನಗೆ ಬೇರೆ ಏನು ಬರುತ್ತೆ?”

ಮೇಸ್ತ್ರಿಗೆ ಆ ಗಳಿಗೆಯಲ್ಲಿ ಮೊದಲು ಆದದ್ದು ದುಃಖವಲ್ಲ, ಸಂತೋಷ. ಗೇರ್‌ಬಾಕ್ಸು ಸರಿಯಿದೆ! ಕೈ ಸುಳ್ಳು ಹೇಳಿಲ್ಲ! ಜೋರಾಗಿ ಕೂಗಿಬಿಡಬೇಕು ಎನ್ನಿಸುವಷ್ಟು ಸಂತೋಷ. ಮರುಗಳಿಗೆಯೇ ಅವನಿಗೆ ನಾಚಿಕೆಯಾಯಿತು. ಹೆಂಡತಿಯ ಮಂಡಿ ಹೋಗಿದೆ, ಈ ಮುಠ್ಠಾಳ ಹಿಗ್ಗುತ್ತಿದ್ದಾನೆ. ಎರಡು ಬೀದಿ ಆಚೆ ಓಡುವ ಕಾರಿನ ಸಡಿಲ ನಟ್ಟು ಕೇಳಿಸುವ ಕಿವಿಗೆ, ಐದು ತಿಂಗಳಿಂದ ಪಕ್ಕದಲ್ಲೇ ಮಲಗಿ ನರಳುತ್ತಿದ್ದವಳ ಸದ್ದು ಕೇಳಿಸಿರಲಿಲ್ಲ. ಮಹಡಿ ಮೇಲೆ ಬಟ್ಟೆ ಒಣಹಾಕುವುದನ್ನು ಬಿಟ್ಟು ಹಿತ್ತಲಲ್ಲಿ ಹಗ್ಗ ಕಟ್ಟಿಸಿಕೊಂಡಾಗಲೂ, ಮೇಲೆ ಗಾಳಿ ಜಾಸ್ತಿ ಎಂದದ್ದನ್ನು ನಂಬಿದ್ದ. ಹಗ್ಗ ಕಟ್ಟಿಕೊಟ್ಟವನೂ ಅವನೇ.

“ನಾನು ನನ್ನ ಕೈ ಹೋಯ್ತು ಅಂದ್ಕೊಂಡಿದ್ದೆ ಕಣೇ,” ಎಂದ.

“ಏನು ಹೋಯ್ತು?”

“ಕೈ. ಏನೂ ಗೊತ್ತಾಗ್ತಿಲ್ಲ ಅಂತ. ಮೊನ್ನೆ ಬೇಕರಿಯವನ ವ್ಯಾನು ವಾಪಸ್ ಕಳಿಸಿದೆ. ಇನ್ಮೇಲೆ ಗೇರ್‌ಬಾಕ್ಸ್ ಮುಟ್ಟಲ್ಲ ಅಂತ ಸಾಹುಕಾರನ ಹತ್ರ ಹೇಳಿಬಿಟ್ಟಿದ್ದೀನಿ.”

ಟೀಚರಮ್ಮ ಈಗ ಪೂರ್ತಿ ಅವನ ಕಡೆ ತಿರುಗಿದಳು. ಅವಳ ಕಣ್ಣು ತುಂಬಿಬಂತು, ಜೊತೆಗೇ ಸಿಟ್ಟೂ ಬಂತು. ಅವಳಿಗೆ ಇವೆರಡೂ ಯಾವಾಗಲೂ ಒಂದೇ ಬಾಗಿಲಿಂದ ಬರುತ್ತಿದ್ದವು.

“ಅಲ್ಲ ರೀ, ಬುದ್ಧಿ ಎಲ್ಲಿಟ್ಟಿದ್ರಿ? ಕುಣಿಯಲಾರದವಳು ನೆಲ ಡೊಂಕು ಅಂದ್ರೆ, ನೆಲವೂ ‘ಹೌದಮ್ಮ, ನಾನೇ ಡೊಂಕು’ ಅಂತ ಒಪ್ಕೊಂಡ್ಬಿಡೋದಾ? ಒಂದು ಸಲ, ಒಂದೇ ಒಂದು ಸಲ, ‘ಹೋಗೇ, ನನ್ನ ಕೆಲಸ ಸರಿಯಾಗೇ ಇದೆ’ ಅಂತ ಬೈದು ಕಳಿಸಬಾರದಾಗಿತ್ತಾ?”

“ನಿನ್ನನ್ನ ಬೈಯೋದಾ? ನನಗೇನು ಹುಚ್ಚಾ?”

ಅವಳಿಗೆ ಅಳುವಿನ ನಡುವೆ ನಗು ಬಂದುಬಿಟ್ಟಿತು. ಸೆರಗಿನಿಂದ ಮೂಗು ಒರೆಸಿಕೊಂಡಳು. ಅವನು ಕೈ ಚಾಚಿ ಅವಳ ಮಂಡಿಯ ಮೇಲೆ ಅಂಗೈ ಇಟ್ಟ. ಮುಟ್ಟಿದರೆ ಬಿಸಿಯಾಗಿತ್ತು, ಒಂದು ಕಡೆ ಊದಿತ್ತು.

“ನಾಳೆ ಬೆಳಿಗ್ಗೆ ಡಾಕ್ಟರ ಹತ್ರ ಹೋಗೋಣ. ನೀನೇ ಗಾಡಿ ಕಲಿಸಿದೀಯಲ್ಲ, ಆ ಡಾಕ್ಟರಮ್ಮ.”

“ಅವಳು ಇನ್ನು ಓಡಿಸಬೇಡಿ ಅಂದ್ರೆ?”

ಕಬ್ಬಿಣವಾಗಿದ್ದರೆ ಬಿಚ್ಚಿ ನೋಡಿ ಹೇಳಬಹುದಿತ್ತು. “ಅಂದ್ರೆ ಕಷ್ಟವೇ,” ಎಂದ ಅವನು. “ಆಗ ಇಬ್ಬರೂ ಕೂತು ಅಳೋಣ. ಒಬ್ಬೊಬ್ಬರೇ ಬೇಡ.”

ಅವಳು ಬಾಗಿಲು ತೆರೆಯಲು ಕೈ ಹಾಕಿದಳು. “ನೀವೇ ಈ ಕಡೆ ಬನ್ನಿ. ನೀವೇ ಓಡಿಸಿ.”

“ಕೂತ್ಕೋ ಸುಮ್ಮನೆ. ನೀನು ಓಡಿಸುವಾಗ ಪಕ್ಕದಲ್ಲಿ ಕೂರೋಕೆ ಇಷ್ಟು ವರ್ಷ ಬೇಕಾಯ್ತು ನನಗೆ. ಇಷ್ಟು ಬೇಗ ಎಬ್ಬಿಸ್ತೀಯಾ? ಕ್ಲಚ್ಚು ನನ್ನದು, ಉಳಿದದ್ದು ನಿನ್ನದು.”

ಮೊದಲ ಸಲ ಅವನು ದಡಕ್ಕನೆ ಕಾಲು ತೆಗೆದ. ಕಾರು ಮೇಕೆಮರಿಯ ಹಾಗೆ ನೆಗೆದು ನಿಂತುಹೋಯಿತು.

“ನಿಧಾನ ಬಿಡ್ರೀ! ಎಷ್ಟು ವರ್ಷದಿಂದ ಮೇಸ್ತ್ರಿ ನೀವು? ನಮ್ಮ ದರ್ಜಿಯಮ್ಮ ಮೊದಲನೇ ದಿನ ಇದಕ್ಕಿಂತ ಚೆನ್ನಾಗಿ ಬಿಟ್ಟಿದ್ಲು.”

ಎರಡನೆಯ ಸಲ ಸರಿಹೋಯಿತು. ಗ್ಯಾರೇಜು ಬೀದಿಗೆ ಬಂದಾಗ ಅವನು ತಮ್ಮ ಶೆಡ್ಡಿನ ಮುಂದೆ ನಿಲ್ಲಿಸುತ್ತಾಳೆ ಎಂದುಕೊಂಡ. ಅವಳು ನಿಲ್ಲಿಸಿದ್ದು ಪಕ್ಕದಂಗಡಿಯ ಎದುರು. ಎರಡು ಸಲ ಹಾರ್ನ್ ಒತ್ತಿದಳು. ಬೇರಿಂಗ್ ಸಾಹುಕಾರ ಹೊರಬಂದ. ಅವನ ಹಿಂದೆಯೇ, ಚಹಾ ಕುಡಿಯುತ್ತಾ ನಿಂತಿದ್ದ ಇಬ್ಬರು ಮೆಕ್ಯಾನಿಕ್ಕುಗಳೂ ಬಂದರು.

“ಏನಮ್ಮ ಟೀಚರಮ್ಮ, ಮತ್ತೆ ಕೈಕೊಡ್ತಾ ಗೇರು?”

ಮೇಸ್ತ್ರಿ ಬೇಡ ಬೇಡವೆಂದು ಕಣ್ಣಲ್ಲೇ ಹೇಳಿದ. ಟೀಚರಮ್ಮ ಕಿಟಕಿಯ ಗಾಜನ್ನು ಪೂರ್ತಿ ಇಳಿಸಿ, ಮೈದಾನದಲ್ಲಿ ಕೂಗುವ ದನಿಯಲ್ಲೇ ಹೇಳಿದಳು:

“ಗೇರ್‌ಬಾಕ್ಸಿಗೆ ಏನೂ ಆಗಿಲ್ಲ ಸಾಹುಕಾರ್ರೇ. ಯಾವತ್ತೂ ಏನೂ ಆಗಿರಲಿಲ್ಲ. ಕೆಟ್ಟಿರೋದು ನನ್ನ ಮಂಡಿ. ಕ್ಲಚ್ಚು ಒತ್ತೋಕಾಗದೆ ನಾನೇ ತಪ್ಪನ್ನ ಇವರ ಮೇಲೆ ಹಾಕಿದೆ. ನಮ್ಮನೆಯವರ ಕೈಗೆ ಏನೂ ಆಗಿಲ್ಲ, ಗೊತ್ತಾಯ್ತಾ? ಆ ಬೇಕರಿಯವನು ಸಿಕ್ಕಿದ್ರೆ ಹೇಳಿ, ವ್ಯಾನು ಇಲ್ಲಿಗೇ ತರಲಿ.”

ಕ್ಲಚ್ ಟೀಚರಿಗೆ ಕ್ಲಚ್ಚು ಒತ್ತಲಾಗುತ್ತಿಲ್ಲ ಎಂಬ ಸುದ್ದಿ ಸಂಜೆಯೊಳಗೆ ಇಡೀ ಊರನ್ನು ಸುತ್ತಿಬರುತ್ತದೆಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಎಲ್ಲರಿಗಿಂತ ಚೆನ್ನಾಗಿ ಅವಳಿಗೇ ಗೊತ್ತಿತ್ತು. ಸಾಹುಕಾರ ತಲೆಯಾಡಿಸಿ, “ಹೇಳ್ತೀನಮ್ಮ,” ಎಂದ.

ಮೇಸ್ತ್ರಿ ಏನಾದರೂ ಹೇಳಬೇಕೆನ್ನುವಷ್ಟರಲ್ಲಿ ಅವಳ ಕೈ ಆಗಲೇ ಗೇರಿನ ಮೇಲೆ ಬಂದು ಕಾಯುತ್ತಿತ್ತು. ಅವನು ಒತ್ತಿದ.

ಎರಡನೆಯ ಗೇರಿಗೆ ಅವಳು “ಹ್ಞೂಂ” ಎಂದಳು. ಮೂರನೆಯದಕ್ಕೆ ಅದೂ ಬೇಕಾಗಲಿಲ್ಲ. ಅವಳ ಭುಜ ಕೊಂಚ ಆಚೆ ಸರಿಯುವುದನ್ನು ನೋಡಿಯೇ ಅವನ ಕಾಲು ಇಳಿಯಿತು. ಹೊರಗಿನಿಂದ ನೋಡಿದವರಿಗೆ, ಟೀಚರಮ್ಮ ಯಾರೋ ಬಿಳಿಗೂದಲಿನವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಎಂದಿನಂತೆ ನೆಟ್ಟಗೆ ಕೂತು ಓಡಿಸುತ್ತಿರುವ ಹಾಗೆ ಕಾಣುತ್ತಿತ್ತು. ಅವರ ಮನೆಯ ತಿರುವು ಬಂತು. ಕಾರು ತಿರುಗಲಿಲ್ಲ.

“ಮನೆ ದಾಟ್ತು ಕಣೇ,” ಎಂದ ಅವನು.

“ದಾಟಲಿ,” ಎಂದಳು.

ಮುಂದೆ ರಸ್ತೆ ಅಗಲವಾಗಿ, ಖಾಲಿಯಾಗಿ ಬಿದ್ದಿತ್ತು. ಅವಳ ಭುಜ ಸರಿಯಿತು. ಅವನು ಒತ್ತಿದ.