ಅಂಗೈಯ ವಾಸನೆ

ಬನಶಂಕರೆವ್ವ ಮತ್ತೊಮ್ಮೆ ಕಟ್ಟೆಗೆ ನೀರು ಸುರಿದಾಗ, ಒಳಗೆ ಮಗ್ಗದ ಕುಣಿಯ ಅಂಚಿಗೆ ಕುಳಿತಿದ್ದ ಲಕ್ಷ್ಮೀದೇವಿಯ ಪಾದದವರೆಗೆ ಕೆಸರಿನ ಹನಿ ಸಿಡಿಯಿತು.

"ಯವ್ವಾ, ಸಾಕ ಬಿಡ. ಕಟ್ಟಿ ಕರಗಿ ಹೊಕ್ಕೈತಿ."

"ಕರಗಲಿ. ಬೂಟ ಹಾಕ್ಕೊಂಡ ಬರೋರ ಕಣ್ಣ ಮೊದಲ ನೆಲದ ಮ್ಯಾಲೆ ಬೀಳತಾವು," ಎಂದಳು ತಾಯಿ. "ನೀ ಆ ಸೀರಿ ಬದಲಿ ಮಾಡ. ಹಸರ ಪತ್ತಲ ತಗದಿಟ್ಟೀನಿ."

"ಈ ಸೀರಿಗೆ ಏನಾಗೇತಿ?"

"ಏನೂ ಆಗಿಲ್ಲ. ಎರಡ ವರ್ಷದಿಂದ ನಿನಗ ಏನೂ ಆಗಿಲ್ಲ. ಅದಕ್ಕ ಹೇಳಿದ್ನಿ."

ಹಿಂದಿನ ದಿನ, ಇದೇ ಓಣಿಯಲ್ಲಿ ಲಕ್ಷ್ಮೀದೇವಿಯ ಜೊತೆ ಬೆಳೆದು ಈಗ ರಾಜಕೀಯದಲ್ಲಿದ್ದ ಶ್ರೀಧರ ಫೋನ್ ಮಾಡಿದ್ದ. ಒಂದು ಮುಖ್ಯ ಮಾತು ಐತಿ, ಫೋನಿನ್ಯಾಗ ಬ್ಯಾಡ, ಮನಿಗೇ ಬರತೀನಿ, ಅವ್ವನ್ನೂ ಇರಾಕ ಹೇಳು ಎಂದಿದ್ದ. 'ಅವ್ವನ್ನೂ' ಎಂಬ ಮಾತಿಗೆ ಬನಶಂಕರೆವ್ವ ರಾತ್ರಿಯೆಲ್ಲ ಮಗ್ಗಲು ಬದಲಿಸಿದ್ದಳು. ಅವನಿಗಿನ್ನೂ ಮದುವೆಯಾಗಿರಲಿಲ್ಲ. ಮಗಳ ಗಂಡ ನಂದೀಶ ಮುಂಡರಗಿಯ ಗೊಬ್ಬರದಂಗಡಿಯಿಂದ ಬೈಕಿನಲ್ಲಿ ಬರುವಾಗ ಸತ್ತು ಎರಡು ವರ್ಷ ಕಳೆದಿತ್ತು. ಮುಂಡರಗಿಯ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವಳು ಅದನ್ನೂ ಬಿಟ್ಟು ಬೆಟಗೇರಿಗೆ ಬಂದು, ಅಪ್ಪ ಬಿಟ್ಟುಹೋದ ಮಗ್ಗಕ್ಕೆ ಕೂತಿದ್ದಳು. ಅತ್ತಿರಲೂ ಇಲ್ಲ, ಯಾರನ್ನೂ ಬೈದಿರಲೂ ಇಲ್ಲ.

ಆದರೆ ಫೋನ್ ಬಂದ ಮೇಲೆ ಅವಳೊಂದು ಕೆಲಸ ನಿಲ್ಲಿಸಿದ್ದಳು. ಲಕ್ಷ್ಮೇಶ್ವರದ ಅಂಗಡಿಗೆ ಕೊಡುವ ಸೀರೆಯ ಉದ್ದೆಳೆಗಳ ಎರಡು ಹಾಸೂ ಸಿದ್ಧವಿದ್ದವು. ಮೈಯ ಹಾಸು ಮಗ್ಗದ ಮೇಲಿತ್ತು, ಸೆರಗಿನ ಕೆಂಪು ರೇಷ್ಮೆ ಗೂಟಕ್ಕೆ ಕಟ್ಟಿತ್ತು. ಈ ಕಡೆಯ ಎಳೆಯನ್ನು ಮಡಚಿ, ಆ ಕಡೆಯ ಎಳೆಯನ್ನು ಅದರೊಳಗೆ ತೂರಿಸಿ, ಎಳೆ ಎಳೆಗೆ ಕೊಂಡಿ ಹಾಕಿ ಎರಡನ್ನೂ ಕೂಡಿಸಬೇಕು. ಈಚೆಗೊಬ್ಬರು ಆಚೆಗೊಬ್ಬರು ಕೂಡಬೇಕಾದ ಕೆಲಸ. ತಾಯಿ ಬೆಳಿಗ್ಗೆ ಎದ್ದವಳೇ ಆಚೆಗೆ ಕೂಡಲು ಬಂದಾಗ, "ಇರಲಿ, ಆಮೇಲೆ," ಎಂದಿದ್ದಳು. ಆಮೇಲೆ ಎಂದದ್ದು ಯಾಕೆ ಎಂದು ತಾಯಿ ಕೇಳಲಿಲ್ಲ. ಕೇಳದೆ ನಕ್ಕು ಕಟ್ಟೆ ತೊಳೆಯಲು ಹೋದಳು. ಆ ನಗುವನ್ನು ಕಂಡು ಲಕ್ಷ್ಮೀದೇವಿಗೆ ತನ್ನ ಮೇಲೆಯೇ ಸ್ವಲ್ಪ ಅಸಹ್ಯವಾಯಿತು.

ಪಕ್ಕದ ಮನೆಯ ರೇಷ್ಮಾ ಹಿತ್ತಲ ಬಾಗಿಲಿನಿಂದ ಕಡಲೆಹಿಟ್ಟಿನ ಪಾತ್ರೆ ಹಿಡಿದು ಬಂದಳು. ಕೊರಳಲ್ಲಿ ಹೊಲಿಗೆಯ ಟೇಪು ಇನ್ನೂ ನೇತಾಡುತ್ತಿತ್ತು.

"ಲೇ ಲಚಮಿ, ನಾಯಕರಿಗೆ ಮಿರ್ಚಿ ಎಷ್ಟ ಖಾರ ಇರಬೇಕು? ಮೊದಲಿನ್ಹಂಗ ಕಣ್ಣಾಗ ನೀರ ಬರೂವಂಗೋ, ಏನ ಈಗ ಸೌಮ್ಯ ಆಗ್ಯಾರೋ?"

"ನಿನ್ನ ಬಾಯಷ್ಟ ಇರಲಿ."

"ಹಂಗಾದ್ರ ಸತ್ತs ಹೊಕ್ಕಾನ," ಎಂದು ಒಲೆಯ ಮುಂದೆ ಕೂತಳು.

ಗದಗಿನ ಆಟೋದವರು ಈ ಓಣಿಯನ್ನು ಇನ್ನೂ 'ರಷ್ಯಾ' ಎನ್ನುತ್ತಾರೆ. ಈಗಿನ ಹುಡುಗರಿಗೆ ಕಾರಣ ಗೊತ್ತಿಲ್ಲ. ಲಕ್ಷ್ಮೀದೇವಿ, ರೇಷ್ಮಾ, ಶ್ರೀಧರ ಮೂವರೂ ಚಿಕ್ಕವರಿದ್ದಾಗ ಇಲ್ಲಿ ನೇಕಾರರ ಕೆಂಪು ಸಂಘದ ರಾಜ್ಯವಿತ್ತು. ಶ್ರೀಧರನ ಅಪ್ಪ ಹನುಮಪ್ಪ ಅಧ್ಯಕ್ಷ, ರೇಷ್ಮಾಳ ಅಪ್ಪ ಇಸ್ಮಾಯಿಲಸಾಬ ಕಾರ್ಯದರ್ಶಿ. ಸಂಜೆ ಇಸ್ಮಾಯಿಲಸಾಬ ಗಂಟೆ ಬಾರಿಸಿದರೆ ಓಣಿಯ ಮಗ್ಗಗಳೆಲ್ಲ ನಿಲ್ಲಬೇಕು. ಸಾವುಕಾರ ಬಾಗಿಲಲ್ಲಿ ನಿಂತು ಬೈದರೂ ನಿಲ್ಲಬೇಕು. ನೇಯ್ಗೆ ಕೆಟ್ಟು ವಾಪಸಾದ ಸೀರೆಗಳ ಸೆರಗಿನಿಂದಲೇ ಸಂಘದ ಬಾವುಟ ಹೊಲಿದಿದ್ದರು, ಹಾಗಾಗಿ ಅದರ ಅಂಚಿಗೆ ಸೆರಗಿನ ಬಿಳಿ ತೆನೆ ಚಿತ್ತಾರವಿತ್ತು. ಮದುವೆಗಳು ಸಂಘದ ಹಾಲಿನಲ್ಲಿ, ಎರಡು ಹಾರ ಮತ್ತು ಒಂದು ಭಾಷಣದಲ್ಲಿ ಮುಗಿಯುತ್ತಿದ್ದವು. ಅರಿಷಿಣ ಕುಂಕುಮ, ಉಡಿ ತುಂಬುವುದು ಎಲ್ಲ ಹಾಲಿನ ಬಾಗಿಲ ಹೊರಗೆ. "ಒಬ್ಬಾಕಿಗೆ ಉಡಿ ತುಂಬಿ ಮಗ್ಗಲದಾಕಿನ್ನ ಬಿಟ್ರ, ಆಕಿ ಎದಿಗೆ ಒದ್ದಂಗ," ಎನ್ನುತ್ತಿದ್ದ ಹನುಮಪ್ಪ. ಗಂಡ ಸತ್ತ ಬೀರವ್ವ ಮೇ ದಿನದ ಮೆರವಣಿಗೆಯಲ್ಲಿ ಎಲ್ಲರಿಗಿಂತ ಮುಂದೆ ನಡೆಯುತ್ತಿದ್ದಳು. ಅದು ದೊಡ್ಡ ಮಾತು ಎಂದು ಆಗ ಮಕ್ಕಳಿಗೆ ಅನ್ನಿಸಿರಲಿಲ್ಲ.

ಕಠೋರ ರಾಜ್ಯವೂ ಹೌದು. ಕೊಂಡಿ ಹಾಕಲು ಸಣ್ಣ ಬೆರಳಿನ ಮಕ್ಕಳು ಬೇಕು. ಆದರೆ ಅವರು ರೇಷ್ಮೆ ಮುಟ್ಟುವ ಮೊದಲು ಬೂದಿ ಹಚ್ಚಿ ಕೈ ತೊಳೆದು ಹನುಮಪ್ಪನ ಮುಂದೆ ಸಾಲಾಗಿ ನಿಲ್ಲಬೇಕಿತ್ತು. ಅವನು ಒಬ್ಬೊಬ್ಬರ ಅಂಗೈಯನ್ನೂ ಮೂಸಿ ನೋಡುತ್ತಿದ್ದ. ಎಣ್ಣೆಯ ಜಿಡ್ಡು ತಾಗಿದ ರೇಷ್ಮೆ ಆಮೇಲೆ ಬಣ್ಣಗೆಟ್ಟು ಕಲೆಯಾಗಿ ಉಳಿಯುತ್ತದೆ, ಯಾವ ಸಾಬೂನಿಗೂ ಹೋಗುವುದಿಲ್ಲ. "ಉಂಡಿದ್ದು ತಪ್ಪಲ್ಲ, ಒರಸಿಕೊಂಡಿದ್ದು ತಪ್ಪು," ಎಂದು ವಾಪಸು ಕಳಿಸುತ್ತಿದ್ದ.

ಒಂದು ದಿನ ಹನುಮಪ್ಪ ಊರಲ್ಲಿರಲಿಲ್ಲ. ಹತ್ತನೇ ಈಯತ್ತೆಯ ಶ್ರೀಧರ ಅಪ್ಪನ ಜಾಗದಲ್ಲಿ ನಿಂತು, "ಸಂಘದ ತಪಾಸಣಿ," ಎಂದು ಲಕ್ಷ್ಮೀದೇವಿಯ ಕೈ ಹಿಡಿದು ಅಂಗೈಗೆ ಮೂಗು ಹಚ್ಚಿದ. ತೆಗೆಯಲಿಲ್ಲ. ಹಿಂದೆ ನಿಂತಿದ್ದ ರೇಷ್ಮಾ, "ಜಲ್ದಿ ಮುಗಸೋ, ನಮ್ಮ ಕೈನೂ ಅದಾವು," ಎಂದು ಕೂಗಿದಳು. ಆ ಮಧ್ಯಾಹ್ನವೆಲ್ಲ ಇವಳು ಈಚೆಯಿಂದ ಎಳೆ ಕೊಟ್ಟಳು, ಅವನು ಆಚೆಯಿಂದ ತೆಗೆದುಕೊಂಡ. ಬೆರಳಿಗೆ ಬೆರಳು ತಾಗದ ಹಾಗೆ ಕೊಂಡಿ ಹಾಕುವುದು ಯಾರಿಗೂ ಸಾಧ್ಯವಿಲ್ಲ.

ನಂತರ ಅವನು ಪಕ್ಷದ ಕೆಲಸಕ್ಕೆಂದು ಹುಬ್ಬಳ್ಳಿಗೆ ಹೋದ. "ಮೊದಲ ಕ್ರಾಂತಿ, ಆಮ್ಯಾಲೆ ಮದುವಿ," ಎಂದಿದ್ದ. ಎರಡೂ ಆಗಲಿಲ್ಲ. ಇವಳು ಧಾರವಾಡದಲ್ಲಿ ಎಂ.ಎ. ಓದಿದಳು, ತೋರಿಸಿದವನನ್ನು ಮದುವೆಯಾದಳು. ಹನುಮಪ್ಪ ಸತ್ತ. ಹಾಲಿಗೆ ಬೀಗ ಬಿತ್ತು. ಶ್ರೀಧರ ಬಾವುಟ ಬದಲಿಸಿದ ಎಂದು ಸುದ್ದಿ ಬಂತು. ಯಾರು ಬದಲಿಸಿಲ್ಲ ಎಂದುಕೊಂಡು ಅವಳು ಆ ಸುದ್ದಿಯನ್ನು ಪಕ್ಕಕ್ಕಿಟ್ಟಿದ್ದಳು. ಆ ಮಧ್ಯಾಹ್ನವೊಂದನ್ನು ಮಾತ್ರ ಯಾರೂ ಮುಟ್ಟದ ಹಾಗೆ ಇಟ್ಟುಕೊಂಡಿದ್ದಳು.

ಕಾರು ಓಣಿಯೊಳಗೆ ಬರಲಿಲ್ಲ. ಶ್ರೀಧರ ನಡೆದು ಬಂದ. ಅವನಿಗಿಂತ ಮೊದಲು ಅತ್ತರಿನ ವಾಸನೆ ಬಂತು. ಹಿಂದೆ ಹೆಗಲಿಗೆ ಶಾಲು ಹಾಕಿದ ಒಬ್ಬ ಹಿಂಬಾಲಕ, ಕ್ಯಾಮೆರಾ ಹಿಡಿದ ಇನ್ನೊಬ್ಬ.

"ಬಾರಪಾ ಶ್ರೀಧರ, ಬಾ. ಎಷ್ಟ ತೆಳ್ಳಗಾಗಿ!" ಎಂದಳು ಬನಶಂಕರೆವ್ವ. ಅವನ ಹೊಟ್ಟೆ ಅಂಗಿಯ ಗುಂಡಿಗಳನ್ನು ಜಗ್ಗುತ್ತಿತ್ತು.

"ಅವ್ವಾ, ನಿಮ್ಮ ಕಣ್ಣ ತೋರಸ್ರಿ. ನಮ್ಮ ಶಿಬಿರದಾಗ ಫ್ರೀ ಐತಿ," ಎಂದು ನಕ್ಕು ಕುರ್ಚಿಯಲ್ಲಿ ಕೂತ. ಬೂಟು ಬಿಡಲಿಲ್ಲ. ಲಕ್ಷ್ಮೀದೇವಿಯನ್ನು ನೋಡಿ, ಪಾಪ ಎನ್ನುವಂತೆ ತಲೆ ಅಲ್ಲಾಡಿಸಿದ. ಹಸಿರು ಸೀರೆ ಉಡದಿದ್ದದ್ದು ಒಳ್ಳೆಯದಾಯಿತು ಎಂದು ಅವಳಿಗೆ ಆಗಲೇ ಅನ್ನಿಸಿತು.

ಮಿರ್ಚಿ ಬಂದವು. ಅವನು ಒಂದನ್ನು ಬಾಯಿಗೆ ತುರುಕಿಕೊಂಡು, ಅದು ಮುಗಿಯುವ ಮೊದಲೇ ಇನ್ನೊಂದಕ್ಕೆ ಕೈ ಹಾಕಿದ. ತುಟಿಯಂಚಿನಿಂದ ಎಣ್ಣೆ ಇಳಿಯಿತು. ಅದನ್ನು ಹೆಬ್ಬೆರಳಿಂದ ಒರೆಸಿ, ಹೆಬ್ಬೆರಳನ್ನು ಚೀಪಿದ.

"ಏನೋ ಮಾತೈತಿ ಅಂದಿದ್ಯಂತ," ಎಂದು ಬನಶಂಕರೆವ್ವ ಗೋಡೆಗೆ ಒರಗಿ ಕೂತು ಸೆರಗು ಸರಿಮಾಡಿಕೊಂಡಳು.

"ಹೌದವ್ವಾ. ನಮ್ಮ ಹಾಲ್ ಐತೆಲ್ಲ, ಸಂಘದ್ದು. ಸುಣ್ಣ ಬಣ್ಣ ಮಾಡಿಸೀವಿ. ನಾಡಿದ್ದ ಉದ್ಘಾಟನಾ. ಅಪ್ಪನ ದೊಡ್ಡ ಫೋಟೋ ಇಟ್ಟ ಪೂಜಿ ಮಾಡಸ್ತೀವಿ. ಆಮ್ಯಾಲೆ ಒಂದ ಕ್ರಾಂತಿಕಾರಿ ಕಾರ್ಯಕ್ರಮ." ಬಾಯಲ್ಲಿದ್ದದ್ದನ್ನು ನುಂಗಿದ. "ವಿಧವೇರಿಗೆ ಉಡಿ ತುಂಬೋದು. ನಮ್ಮ ಪಕ್ಷದ ಸಾಹೇಬ್ರು ತಾವs ಸ್ವತಃ ಕುಂಕುಮ ಹಚ್ಚಿ, ಸೀರಿ ಕೊಟ್ಟ, ಉಡಿ ತುಂಬತಾರ. ಟೀವಿಯವ್ರು ಬರತಾರ. ಓಣ್ಯಾಗಿನ ಹೆಣಮಕ್ಕಳು ಹೆದರಾಕತ್ಯಾರ. ಲಕ್ಷ್ಮಿ ಕಲತಾಕಿ, ಆಕಿ ಮೊದಲ ಕುರ್ಚಿಗೆ ಕುಂತ್ರ ಉಳದವ್ರೆಲ್ಲಾ ತಾವs ಬಂದ ಕುಂಡರತಾರ."

ಒಲೆಯ ಮುಂದೆ ಮಿರ್ಚಿ ತಿರುವುತ್ತಿದ್ದ ರೇಷ್ಮಾಳ ಝಾರಿ ನಿಂತಿತು. ಬನಶಂಕರೆವ್ವ ಇನ್ನೂ ಅವನ ಬಾಯನ್ನೇ ನೋಡುತ್ತಿದ್ದಳು. ಮುಖ್ಯ ಮಾತು ಇನ್ನು ಮುಂದೆ ಬರಬಹುದು ಎಂದು ಅವಳು ಕಾಯುತ್ತಿದ್ದಳು.

"ಇಷ್ಟs ಏನಪಾ?"

"ಮತ್ತ ನನ್ನ ಮದುವಿನೂ ಗಟ್ಟಿ ಆತ್ರಿ ಅವ್ವಾ. ಬಾಳೆಹೊಸೂರ ಕಡೀದು, ಸಾಹೇಬ್ರ ಸಂಬಂಧದಾಗ. ನೀವ ಬರಲಿಕ್ಕs ಬೇಕು."

ಬನಶಂಕರೆವ್ವನ ಕೈ ಸೆರಗಿನ ಮೇಲೆ ಹಾಗೇ ಉಳಿಯಿತು. "ಚೊಲೊ ಆತು," ಎಂದಳು. ಮತ್ತೆ, "ಚೊಲೊ ಆತು," ಎಂದಳು.

"ನಾ ಬರೂದಿಲ್ಲ," ಎಂದಳು ಲಕ್ಷ್ಮೀದೇವಿ.

"ಮದುವಿಗೆ?"

"ಕುರ್ಚಿಗೆ."

ಅವನು ನಕ್ಕ. "ಮೊದಲಿನಿಂದನೂ ಹಿಂಗs ಈಕಿ. ಇಲ್ಲಿ ನೋಡ, ನಿನಗ ಖುಷಿ ಆಗತೈತಿ." ಫೋನು ತೆಗೆದು ಅವಳ ಮುಂದೆ ಹಿಡಿದ. ಗಾಜಿನ ಮೇಲೆ ಅವನ ಬೆರಳಿನ ಎಣ್ಣೆ ಬಳಿದುಕೊಂಡಿತ್ತು. ಅದರ ಕೆಳಗೆ ಫ್ಲೆಕ್ಸಿನ ಚಿತ್ರ. ಸಾಹೇಬರ ದೊಡ್ಡ ಮುಖ, ಹಾರ ಹಾಕಿದ ಹನುಮಪ್ಪ, ಹನುಮಪ್ಪನ ಹಣೆಗೆ ಉದ್ದನೆಯ ಕುಂಕುಮ. ಕೆಳಗಿನ ಸಾಲಿನಲ್ಲಿ ಅವಳು.

ಆ ಫೋಟೋ ಅವಳಿಗೆ ಗೊತ್ತಿತ್ತು. ಮೇ ದಿನದ ಮೆರವಣಿಗೆಯದು. ಹಾಲಿನ ಮೆಟ್ಟಿಲ ಮೇಲೆ ಮೂವರೂ ನಿಂತದ್ದು, ನಡುವೆ ಅವಳು. ಇಷ್ಟು ವರ್ಷ ಇವನು ಇದನ್ನು ಇಟ್ಟುಕೊಂಡಿದ್ದನಲ್ಲ ಎಂದು ಒಂದು ಕ್ಷಣ ಎದೆ ಬೆಚ್ಚಗಾಯಿತು. ಆಮೇಲೆ ಸರಿಯಾಗಿ ನೋಡಿದಳು. ಒಂದು ಬದಿಯಿಂದ ಅವನು ತನ್ನನ್ನೇ, ಇನ್ನೊಂದು ಬದಿಯಿಂದ ರೇಷ್ಮಾಳನ್ನು ಕತ್ತರಿಸಿ ತೆಗೆದಿದ್ದ. ನಡುವೆ ಉಳಿದ ಹುಡುಗಿಯ ಹಣೆಯಲ್ಲಿದ್ದ ಬೊಟ್ಟನ್ನು ಕಂಪ್ಯೂಟರಿನಲ್ಲಿ ಅಳಿಸಿದ್ದರು. ಅಲ್ಲಿ ಚರ್ಮ ಬೆಂದು ಆರಿದ ಹಾಗೆ ನುಣ್ಣಗಿತ್ತು.

"ಬೊಟ್ಟ ಯಾಕ ತಗದಿ?"

"ಇದ್ರ ವಿಧವಿ ಅಂತ ಹೆಂಗ ಗೊತ್ತಾಗಬೇಕು?" ಎಂದ ಅವನು, ಪಾಠ ಹೇಳುವವನಂತೆ. "ಸ್ಟೇಜ್ ಮ್ಯಾಲೆ ಸಾಹೇಬ್ರು ಹಚ್ಚತಾರಲ್ಲ. ಹಚ್ಚೂಕಿಂತ ಮೊದಲ ಇರಬಾರದು. ನಾಡಿದ್ದೂ ಬಿಳೇ ಸೀರಿ ಉಟಗೊಂಡ ಬಾ, ಫೋಟೋದಾಗ ಛಂದ ಬರತೈತಿ."

ರೇಷ್ಮಾ ಎದ್ದು ಬಂದು ಬಗ್ಗಿ ನೋಡಿದಳು. ಹುಡುಗಿಯ ಹೆಗಲ ಮೇಲೆ ಯಾರದೋ ನಾಲ್ಕು ಬೆರಳು ಹಾಗೇ ಉಳಿದಿದ್ದವು.

"ಅಯ್ಯ, ನನ್ನ ಬೆರಳ!" ಎಂದಳು. "ಅಣ್ಣಾರ, ನನ್ನ ಬೆರಳಿಗೂ ಉಡಿ ತುಂಬತೀರೇನು?"

ಕ್ಯಾಮೆರಾದವನು ನಕ್ಕುಬಿಟ್ಟ, ನಂತರ ಕೆಮ್ಮಿದ. ಶ್ರೀಧರನ ಕಿವಿ ಕೆಂಪಾಯಿತು. "ನಿನ್ನ ತಗೀಬೇಕಂತ ತಗದಿಲ್ಲ ರೇಷ್ಮಾ. ಈಗಿನ ವಾತಾವರಣ ಹೆಂಗೈತಿ, ನಿನಗ ಗೊತ್ತೈತಿ."

"ಗೊತ್ತೈತಿ. ಮಿರ್ಚಿ ಇನ್ನೊಂದ ಹಾಕ್ಲಿ? ಅದನ್ನೂ ನಾನs ಕರದೀನಿ."

ಅವನು ತಟ್ಟೆ ಕೆಳಗಿಟ್ಟು ಎದ್ದ. ಮಾತು ಬದಲಿಸಲು ಅತ್ತಿತ್ತ ನೋಡಿದಾಗ ಮಗ್ಗ ಕಣ್ಣಿಗೆ ಬಿತ್ತು. "ಓಹೋ, ಕೊಂಡಿ ಹಾಕಾಕತ್ತೀಯೇನು? ಲೇ, ಕ್ಯಾಮೆರಾ ತಾರಲೇ. ನೇಕಾರನ ಮಗ ಅಂತ ಒಂದ ಬರಲಿ." ಬಗ್ಗಿ ಗೂಟದ ಕೆಂಪು ರೇಷ್ಮೆಗೆ ಕೈ ಚಾಚಿದ.

"ಕೈ ತೊಳಕೊ," ಎಂದಳು ಲಕ್ಷ್ಮೀದೇವಿ.

"ಒಂದs ಫೋಟೋ."

"ಶ್ರೀಧರ, ಕೈ ತೊಳಕೊ."

ಅವನು ಆಗಲೇ ಎಳೆಗಳನ್ನು ಮುಷ್ಟಿ ತುಂಬ ಹಿಡಿದಿದ್ದ. ಮಿರ್ಚಿ ಎಣ್ಣೆ, ಅತ್ತರು, ಚೀಪಿದ ಬೆರಳು. ಕ್ಯಾಮೆರಾ ನೋಡಿ ಹಲ್ಲು ಕಿರಿದ. ಕ್ಲಿಕ್ಕಾಯಿತು. ಇನ್ನೊಂದು ಎಂದು ಹಿಡಿತ ಬದಲಿಸಿದ. ಮತ್ತೆ ಕ್ಲಿಕ್ಕಾಯಿತು. ಹಸ್ತವನ್ನು ಪ್ಯಾಂಟಿಗೆ ಒರೆಸಿಕೊಂಡ, ಎಲ್ಲ ಮುಗಿದ ಮೇಲೆ.

ಲಕ್ಷ್ಮೀದೇವಿ ಮುಂದೆ ಬಂದು ಅವನಿಗೂ ರೇಷ್ಮೆಗೂ ನಡುವೆ ನಿಂತಳು. ಎರಡು ವರ್ಷದಲ್ಲಿ ಅವಳಿಗೆ ಸಿಟ್ಟು ಬಂದದ್ದು ಅದೇ ಮೊದಲು.

"ಆ ಫ್ಲೆಕ್ಸ್ ಕಟ್ಟಿದ್ರ ನಾನs ಬಂದ ಹರೀತೀನಿ," ಎಂದಳು. "ಎಲ್ಲಾರ ಎದರಿಗೆ. ಟೀವಿಯವ್ರಿಗೂ ಹೇಳು, ಛಂದ ಬರತೈತಿ."

ಅವನು ಅವಳನ್ನು ನೋಡಿದ. ಹಳೆಯ ಗೆಳತಿಯನ್ನಲ್ಲ, ಕೈತಪ್ಪಬಹುದಾದ ಒಂದು ಮತವನ್ನು ನೋಡಿದ ಹಾಗೆ. "ದುಃಖದಾಗ ಇದ್ದೀ. ವಿಚಾರ ಮಾಡು," ಎಂದು ಹೊರಟ. ತೊಳೆದ ಕಟ್ಟೆಯ ಮೇಲೆ ಬೂಟಿನ ಗುರುತುಗಳು ಸಾಲಾಗಿ ಮೂಡಿದವು.

ಬನಶಂಕರೆವ್ವ ಕೂತಲ್ಲಿಂದಲೇ ಆ ಗುರುತುಗಳನ್ನು ನೋಡಿದಳು. "ನಾ ಏನ ತಿಳಕೊಂಡಿದ್ನಿ ಅಂತ ಅವಂಗ ಗೊತ್ತಾಗಲಿಲ್ಲ ಹೌದಲ್ಲ?" ಎಂದಳು.

"ಗೊತ್ತಾಗಿತ್ತು ಯವ್ವಾ. ಅದಕ್ಕs ಎರಡ ಹೆಚ್ಚಿಗಿ ತಿಂದ."

"ಹೋಗಿ ಕುಂತ ಬಂದ್ರ ಏನಾಕ್ಕೈತಿ? ಸೀರಿನರ ಕೊಡತಾರ."

ಲಕ್ಷ್ಮೀದೇವಿ ತಾಯಿಯತ್ತ ತಿರುಗಿದಳು. ಬೈಯಲು ಬಾಯಿ ತೆರೆದವಳು, ಆ ಒದ್ದೆ ಕಾಲು, ಒದ್ದೆ ಸೆರಗು ಕಂಡು ದನಿ ತಗ್ಗಿಸಿದಳು. "ಸೀರಿ ನಾವs ನೇಯತೀವಲ್ಲ, ಯವ್ವಾ," ಎಂದಳು. ಬನಶಂಕರೆವ್ವ ಎದ್ದು, ಪೆಟ್ಟಿಗೆಯ ಮೇಲಿದ್ದ ಹಸಿರು ಪತ್ತಲವನ್ನು ಮಡಿಕೆ ಕೆಡದಂತೆ ಒಳಗಿಟ್ಟಳು.

ಲಕ್ಷ್ಮೀದೇವಿ ಕತ್ತರಿ ತಂದು, ಅವನು ಹಿಡಿದ ಜಾಗದವರೆಗೆ ರೇಷ್ಮೆಯನ್ನು ಕತ್ತರಿಸಿದಳು. ಸೆರಗು ಒಂದು ಗೇಣು ಗಿಡ್ಡವಾಗುತ್ತದೆ. ಅಂಗಡಿಯವನು ಕೇಳುತ್ತಾನೆ, ಕೇಳಲಿ. ಕತ್ತರಿಸಿದ ಕೆಂಪು ಎಳೆಗಳನ್ನು ಒಲೆಗೆ ಹಾಕಿದಾಗ ಕೂದಲು ಸುಟ್ಟ ನಾತ ಬಂತು.

"ನಾಡಿದ್ದ ನನ್ನ ದೊಡ್ಡ ಕತ್ತರಿ ತರತೀನಿ," ಎಂದಳು ರೇಷ್ಮಾ. "ಫ್ಲೆಕ್ಸ್ ಕೈಲೆ ಹರಿಯೂದಿಲ್ಲ, ದಪ್ಪ ಇರತೈತಿ. ನನ್ನ ಬೆರಳ ನನಗ ವಾಪಸ್ ಬೇಕು."

"ಮೊದಲ ಇದು. ಆಚೀಕಡೆ ಕುಂಡ್ರು."

"ನಾನೇನ? ಕೊಂಡಿ ಹಾಕಿ ಎಷ್ಟ ವರ್ಷ ಆತು, ಗೊತ್ತೈತಿಲ್ಲೋ!"

"ಕುಂಡ್ರು."

ರೇಷ್ಮಾ ಟೇಪನ್ನು ಕೊರಳಿಂದ ತೆಗೆದು ಮೊಳೆಗೆ ಹಾಕಿದಳು. ಹಿತ್ತಲಿಗೆ ಹೋಗಿ ಒಲೆಯ ಬೂದಿ ಹಚ್ಚಿ, ಉಗುರ ಸಂದಿಯನ್ನೂ ಬಿಡದೆ ತಿಕ್ಕಿ ಕೈ ತೊಳೆದಳು. ಬಂದು ಮಗ್ಗದ ಆಚೆ ಕೂತು, ಯಾರೂ ಹೇಳದೆಯೇ, ಇನ್ನೂ ಒದ್ದೆಯಿದ್ದ ಎರಡೂ ಅಂಗೈಗಳನ್ನು ಮುಂದೆ ಚಾಚಿದಳು.

ಲಕ್ಷ್ಮೀದೇವಿ ಬಗ್ಗಿ ಮೂಗು ಹಚ್ಚಿದಳು.